ಅಪ್ಪನ ಷರಾ ಕಾಲಂ

ಜುಲೈ 12, ಶನಿವಾರ

ದಿನಾ ಅದೇ ಕೆಲಸ. ಸಹಕಾರಿ ಸಂಘದ ಆಫೀಸಿಗೆ ಹೋಗುವುದು, ಹೊಳೆಯ ಮಟ್ಟ ತೋರಿಸುವ ವೆಬ್ ಪೇಜ್ ತೆರೆಯುವುದು, ಅಂಕಿ ನೋಡಿ ಕಂಪ್ಯೂಟರಿನ ಶೀಟಿಗೆ ಬರೆಯುವುದು, ಕೊಣ್ಣೂರಿನ ಹೊಳೆ ದಂಡೆ ಓಣಿಯವರ ವಾಟ್ಸಾಪ್ ಗ್ರೂಪಿಗೆ ಹಾಕುವುದು. ನನಗೆ ನಲವತ್ತೇಳು ವರ್ಷವಾಯಿತು, ಇನ್ನೂ ನಕಲು ತೆಗೆಯುವುದು ತಪ್ಪಿಲ್ಲ.

ಇವತ್ತು ವಿಡಿಯೋ ನೋಡಿ ಕಲಿತೆ — ಒಂದೇ ಸಾಲಿನ ಫಾರ್ಮುಲಾ. ಪೇಜಿನ ಪಟ್ಟಿ ತಾನೇ ಶೀಟಿಗೆ ಬಂದು ಕೂರುತ್ತದೆ! ತಾರೀಖು, ಹೊಳೆಯ ಮಟ್ಟ, ಹುಕ್ಕೇರಿ ಕಡೆಯ ಡ್ಯಾಮಿನಿಂದ ಬಿಟ್ಟ ನೀರು. ಇವತ್ತಿನದು ಎಲ್ಲಕ್ಕಿಂತ ಮೇಲೆ, ಹಳೆಯವು ಕೆಳಗೆ, ಹತ್ತು ವರ್ಷದ್ದು. ಖುಷಿಗೆ ಎರಡು ಕಪ್ ಚಹಾ ಕುಡಿದೆ.

ಮನೆಗೆ ಬಂದು ಅಪ್ಪನ ಮುಂದೆ ಜಂಬ ಕೊಚ್ಚಿದೆ. ನಲವತ್ತು ವರ್ಷ ಸೇತುವೆಯ ಹತ್ತಿರ ನಿಂತು ಹೊಳೆಯ ಅಳತೆಪಟ್ಟಿ ಓದಿದ ಮನುಷ್ಯ. ರಿಟೈರ್ ಆದರೂ ಬಿಡಲಿಲ್ಲ, ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಮಂಜಾಗುವವರೆಗೆ. ಎಲ್ಲ ಕೇಳಿ ಒಂದೇ ಮಾತು:

“ಷರಾ ಯಾರ ಬರೀತಾರ?”

ಜುಲೈ 13, ಭಾನುವಾರ

ಟ್ರಂಕಿನಿಂದ ಅಪ್ಪನ ನೋಟ್‌ಬುಕ್ಕುಗಳನ್ನು ತೆಗೆದೆ. ಧೂಳಿಗೆ ಸೀನಿ ಸೀನಿ ಸಾಕಾಯಿತು. ತಾರೀಖು, ವೇಳೆ, ಮಟ್ಟ, ಕೊನೆಗೆ ಷರಾ — ಆ ದಿನ ಕಂಡದ್ದರ ಟಿಪ್ಪಣಿ. ಸರ್ಕಾರದ ರಜಿಸ್ಟರಿನಲ್ಲಿ ಷರಾ ಖಾಲಿ ಬಿಟ್ಟರೂ ನಡೆಯುತ್ತಿತ್ತಂತೆ. ತನ್ನ ಬುಕ್ಕಿನಲ್ಲಿ ಮಾತ್ರ ಅಪ್ಪ ಒಂದು ದಿನವೂ ಬಿಟ್ಟಿಲ್ಲ. ‘ನೀರು ಕೆಂಪು. ಮೇಲೆ ಮಳೆ ಜೋರಿರಬೇಕು.’ ‘ದಂಡೆಯ ಆರು ಮೆಟ್ಟಿಲು ಒಣ.’ ‘ಉದ್ದವ್ವನ ಹೊಸ್ತಿಲಿಗೆ ಮೂರು ಬೆರಳು ಕಡಿಮೆ.’ ತಳದ ಬುಕ್ಕೊಂದರಲ್ಲಿ — ‘ಶೋಭಾ ಇವತ್ತು ತಾನೇ ಓದಿದಳು.’

ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಆಗ ನನಗೆ ಏಳು ವರ್ಷ. ಅಪ್ಪ ಸೈಕಲ್ಲಿನ ಮುಂದಿನ ದಂಡಕ್ಕೆ ಟವೆಲ್ ಸುತ್ತಿ ಕೂರಿಸುತ್ತಿದ್ದ. ಆರು ಗಂಟೆಗೆ ಸೇತುವೆ. ನಾನು ಅಂಕಿ ಕಲಿತದ್ದು ಶಾಲೆಯಲ್ಲಲ್ಲ, ಆ ಬಿಳಿ-ಕಪ್ಪು ಪಟ್ಟಿಯ ಮೇಲೆ. ಒಂದು ದಿನ ಮಂಜು. ಪಟ್ಟಿ ಕಾಣಲಿಲ್ಲ. ನಿನ್ನೆಯ ಅಂಕಿಯನ್ನೇ ಬರೆದುಬಿಟ್ಟೆ. ಅರ್ಧ ದಾರಿಗೆ ಬಂದಾಗ ಅಪ್ಪ ಕೇಳಿದ, “ನೋಡೀದಿ?” ಸುಳ್ಳು ಹೇಳಲಾಗಲಿಲ್ಲ. ಬೈಯಲಿಲ್ಲ, ಸೈಕಲ್ ತಿರುಗಿಸಿದ. “ನೋಡಲಾರದ ಬರೀಬಾರದವ್ವಾ. ಹೊಳಿ ದಂಡಿ ಮಂದಿ ನಮ್ಮ ಅಂಕಿ ನಂಬಿ ಮಲಗತಾರ.”

ಆ ಟವೆಲ್ಲಿನ ವಾಸನೆ ಈಗಲೂ ನೆನಪಿದೆ. ಎಣ್ಣೆ, ಬೆವರು, ಸ್ವಲ್ಪ ವಿಭೂತಿ.

ಜುಲೈ 19, ಶನಿವಾರ

ಒಂದು ಹಳೆಯ ತಾರೀಖಿನಲ್ಲಿ ಪೇಜಿನ ಅಂಕಿಗೂ ಅಪ್ಪನ ಬುಕ್ಕಿಗೂ ತಾಳೆಯಾಗಲಿಲ್ಲ. ಅಪ್ಪನದೇ ಖರೆ ಇರಬೇಕೆಂದು ಪೇಜಿನ ಅಂಕಿಯ ಮೇಲೆ ತಿದ್ದಿ ಬರೆದೆ. ಇಡೀ ಪಟ್ಟಿ ಮಾಯ! ಬರೆದದ್ದನ್ನು ಅಳಿಸಿದ ಮೇಲೆ ಮತ್ತೆ ಬಂತು. ಹೊರಗಿನಿಂದ ಬರುವ ಪಟ್ಟಿಯಲ್ಲಿ ಕೈ ಆಡಿಸುವಂತಿಲ್ಲ.

ಅಪ್ಪನಿಗೆ ನಗುವೋ ನಗು. ಅವರ ಹೊಲದಲ್ಲಿ ಬಿತ್ತಲು ಯಾಕೆ ಹೋದಿ, ಬದುವಿನ ಈಚೆಗೆ ಬಿತ್ತು ಎಂದ. ಸರಿ — ಪಕ್ಕದಲ್ಲೇ ನಾಲ್ಕನೇ ಕಾಲಂ. ‘ಅಪ್ಪನ ಷರಾ.’ ಕೈಯಿಂದಲೇ ತುಂಬುವುದು.

ಜುಲೈ 27, ಭಾನುವಾರ

ಮುಗಿಯಿತು. ಮಳೆಗಾಲದ ದಿನಗಳ ಷರಾ ಎಲ್ಲ ಆಯಾ ತಾರೀಖಿನ ಎದುರಿಗೆ. ಇವತ್ತು ಒಂದೇ ದಿನ ಕೂತು ಟೈಪ್ ಮಾಡಿದೆ, ಬೆನ್ನು ಮುರಿದಿದೆ. ಒಂದೊಂದನ್ನೂ ಜೋರಾಗಿ ಓದಿದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ನಡುನಡುವೆ ಹೂಂ ಅನ್ನುತ್ತಿದ್ದ. ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಒಂದೇ ಕೆಲಸಕ್ಕೆ ಕೂತದ್ದು. ಸುಖವೆನಿಸಿತು.

ಟ್ರಂಕಿನ ಮುಚ್ಚಳ ಹಾಕಿದೆ. ಇನ್ನು ಅದರ ಕೆಲಸವಿಲ್ಲ.

ಆಗಸ್ಟ್ 19, ಮಂಗಳವಾರ, ಬೆಳಿಗ್ಗೆ 9

ಮೂರು ವಾರ ಶೀಟಿನ ಕೆಳಗೆ ಹೋಗುವ ಪ್ರಸಂಗವೇ ಬರಲಿಲ್ಲ. ಇವತ್ತು ಬಂತು. ಡ್ಯಾಮಿನ ಬಾಗಿಲು ತೆರೆದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ನೀರು ನಮ್ಮಲ್ಲಿ. ಗ್ರೂಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಮೂಡಲಗಿ ಕಡೆಯ ಬೀಗರದೂ ಅದೇ: ಎಲ್ಲಿಯವರೆಗೆ ಬರುತ್ತದೆ?

ಇಷ್ಟೇ ನೀರು ಬಿಟ್ಟ ಹಳೆಯ ದಿನವನ್ನು ಶೀಟಿನಲ್ಲಿ ಹುಡುಕಿದೆ. ಸಿಕ್ಕಿತು, ಆ ದೊಡ್ಡ ಹೊಳೆ ಬಂದ ವರ್ಷದ್ದು. ಎದುರಿಗೆ ಷರಾ: ‘ಆರು ಮೆಟ್ಟಿಲು ಒಣ. ಓಣಿಗೆ ಭಯವಿಲ್ಲ.’ ಹಾಗೇ ಗ್ರೂಪಿಗೆ ಹಾಕಿದೆ.

ಉದ್ದವ್ವ ಫೋನ್ ಮಾಡಿದ್ದಳು. ದಂಡೆಯ ಮೊದಲ ಮನೆ ಅವಳದು. ಸೊಸೆ ಆಮ್ರಪಾಲಿ ಹೆತ್ತು ಒಂಬತ್ತು ದಿನ. ಕೂಸನ್ನು ಎತ್ತಿಕೊಂಡು ಈ ಮಳೆಯಲ್ಲಿ ಎಲ್ಲಿಗೆ ಹೋಗುವುದು ಎಂದಳು. ಎಲ್ಲಿಗೂ ಹೋಗಬೇಡ ಎಂದೆ.

ಅಪ್ಪ ಕೇಳಿಸಿಕೊಂಡ. “ಹಂಗಲ್ಲದು. ಅಷ್ಟ ನೀರ ಬಿಟ್ಟಾಗ ಉದ್ದವ್ವನ ಹೊಸ್ತಲಾ ಮುಟ್ಟಿತ್ತು. ಬುಕ್ ತಗದ ನೋಡ.”

“ನಿನ್ನ ಬುಕ್ಕ ಇಲ್ಲಿ ಐತೆಪ್ಪಾ. ನಿನಗ ನೆನಪ ಕಲಸ್ಯಾವ, ಸುಮ್ನ ಕೂಡು.”

ಅಪ್ಪನ ಮುಖ ಸಣ್ಣದಾಯಿತು. ಆಫೀಸಿಗೆ ಹೊತ್ತಾಗಿದೆ.

ಅದೇ ದಿನ, ಸಂಜೆ 6

ಬರೆದೇ ಬಿಡುತ್ತೇನೆ.

ಒಂದು ಗಂಟೆಗೆ ಊಟಕ್ಕೆ ಬಂದರೆ ಅಪ್ಪ ಇಲ್ಲ. ಬಡಿಗೆ ಇಲ್ಲ. ಟ್ರಂಕ್ ತೆರೆದಿದೆ. ಆ ವರ್ಷದ ಬುಕ್ ಅಂದಿನ ಮಳೆಯಲ್ಲಿ ನೆನೆದು ಉಬ್ಬಿತ್ತು. ಕಣ್ಣಿಲ್ಲದವನ ಬೆರಳಿಗೂ ಸಿಗುತ್ತದೆ. ಅದೊಂದೇ ಇರಲಿಲ್ಲ. ಓಡಿದೆ.

ಉದ್ದವ್ವನ ಮನೆಯ ಕಟ್ಟೆಯ ಮೇಲೆ ಅಪ್ಪ, ತೊಯ್ದು ತೊಪ್ಪೆ. ಯಾರದೋ ಕೈ ಹಿಡಿದು ನಡೆದುಕೊಂಡೇ ಬಂದಿದ್ದಾನೆ. ಬುಕ್ಕನ್ನು ಆಮ್ರಪಾಲಿಗೆ ಕೊಟ್ಟು ಓದಿಸಿದ್ದಾನೆ. ಎಮ್ಮೆ ಆಗಲೇ ದಿಬ್ಬ ಹತ್ತಿತ್ತು. ಕಾಳಿನ ಚೀಲ, ಹಾಸಿಗೆ ಎಲ್ಲ ಟ್ರ್ಯಾಕ್ಟರಿನಲ್ಲಿ. ಆಮ್ರಪಾಲಿ ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಹತ್ತುತ್ತಿದ್ದಳು. ನನ್ನನ್ನು ನೋಡಿ ಕೂಸಿನ ಮುಖಕ್ಕೆ ಸೆರಗು ಎಳೆದಳು. ಅದೇ ಹೆಚ್ಚಾಯಿತು ನನಗೆ.

ಉದ್ದವ್ವನೇ ಮಾತಾಡಿದಳು: “ನಿಮ್ಮಪ್ಪಾರ ಬಂದ ಕುಂತ್ರಬೇ. ಇನ್ನ ಕೇಳೂದೇನೈತಿ, ಎದ್ದಿವಿ.”

ಗ್ರೂಪಿಗೆ ಹಾಕಿದ್ದನ್ನು ಅಳಿಸಿ, ಓಣಿಯ ಉಳಿದವರಿಗೂ ಮೇಲೆ ಬರಲು ಹೇಳಿದೆ. ಮೂರೂವರೆಗೆ ನೀರು ಹೊಸ್ತಿಲು ದಾಟಿತು. ನಾನು ದಿಬ್ಬದ ಮೇಲೆ ನಿಂತು ನೋಡಿದೆ. ಆ ಕೂಸು ಒಳಗಿರುತ್ತಿತ್ತು, ನನ್ನ ಮಾತು ನಂಬಿ.

ಆಗಸ್ಟ್ 20, ಬುಧವಾರ

ತಪ್ಪು ಸಿಕ್ಕಿತು. ಅಪ್ಪನದಲ್ಲ, ಪೇಜಿನದಲ್ಲ, ನನ್ನದೇ.

ಪೇಜಿನಲ್ಲಿ ದಿನಕ್ಕೊಂದು ಹೊಸ ಸಾಲು ಮೇಲೆ ಬಂದು ಕೂರುತ್ತದೆ. ಹಳೆಯ ತಾರೀಖುಗಳೆಲ್ಲ ಒಂದೊಂದು ಸಾಲು ಕೆಳಗಿಳಿಯುತ್ತವೆ. ಕೈಯಿಂದ ಬರೆದ ಷರಾ ಮಾತ್ರ ಇಳಿಯುವುದಿಲ್ಲ, ಇದ್ದಲ್ಲೇ ಇರುತ್ತದೆ. ಇಪ್ಪತ್ಮೂರು ದಿನ, ಇಪ್ಪತ್ಮೂರು ಸಾಲು. ಹೊಳೆ ಏರುವ ಮೊದಲಿನ ಮಾತು ಹೊಳೆ ತುಂಬಿದ ದಿನದ ಎದುರಿಗೆ ಬಂದು ಕೂತಿತ್ತು. ಪಕ್ಕದಲ್ಲೇ ಆ ದಿನದ ಮಟ್ಟವೂ ಇತ್ತು. ಒಮ್ಮೆ ಕಣ್ಣು ಹಾಯಿಸಿದ್ದರೆ ಎರಡೂ ಹೊಂದುವುದಿಲ್ಲವೆಂದು ತಿಳಿಯುತ್ತಿತ್ತು. ನೋಡಲಿಲ್ಲ.

ಅಡುಗೆಮನೆಯಲ್ಲಿ ನಿಂತು ಅತ್ತೆ. ಏಳು ವರ್ಷದವಳಿದ್ದಾಗ ಮಂಜಾದರೂ ಇತ್ತು.

ಆಗಸ್ಟ್ 24, ಭಾನುವಾರ

ಷರಾಗಳನ್ನೆಲ್ಲ ಬೇರೆ ಹಾಳೆಗೆ ಒಯ್ದೆ. ಪ್ರತಿ ಷರಾಕ್ಕೂ ಅದರದೇ ತಾರೀಖು ಬರೆದೆ. ಈಗ ತಾರೀಖು ಎಲ್ಲಿ ಸರಿದರೂ ಷರಾ ಅದನ್ನು ಹುಡುಕಿಕೊಂಡು ಹೋಗುತ್ತದೆ. ಒಂದೊಂದನ್ನೂ ಬುಕ್ಕಿಗೆ ಹೊಂದಿಸಿ ನೋಡಿದೆ.

ನೀರು ಇಳಿದಿದೆ. ಉದ್ದವ್ವನ ಮನೆಯ ಕೆಸರು ಬಳಿಯಲು ಹೋಗಿದ್ದೆ. ತಪ್ಪಾಯಿತು ಎಂದೆ. ಪೊರಕೆ ಕೈಗೆ ಕೊಟ್ಟಳು, ಮೂಲೆ ಬಿಡಬೇಡ ಎಂದಳು. ಕೂಸಿನ ಕೈ ಮುಟ್ಟಿದೆ. ನನ್ನ ಬೆರಳು ಹಿಡಿದುಕೊಂಡಿತು.

ಅಪ್ಪನಿಗೂ ಹೇಳಬೇಕು. ಬಾಯಿ ಬರುತ್ತಿಲ್ಲ.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ 6:10

ಸೇತುವೆಯ ಹತ್ತಿರ ನಿಂತೇ ಬರೆಯುತ್ತಿದ್ದೇನೆ. ಅಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಂದೆ. ಸೀಟಿಗೆ ಟವೆಲ್ ಹಾಕಿದ್ದೆ. ಕೈಯಿಂದ ಸವರಿ ನೋಡಿ ಕೂತ. ದಾರಿಯಲ್ಲಿ ಹೇಳಿಬಿಟ್ಟೆ — ನಾನು ನೋಡದೆ ಬರೆದೆ, ನಿನ್ನನ್ನು ಸುಮ್ಮನಿರಿಸಿದೆ, ತಪ್ಪಾಯಿತು. ಗಾಳಿಗೆ ಕೇಳಿಸಿತೋ ಇಲ್ಲವೋ. ಭುಜದ ಮೇಲಿನ ಕೈ ಮಾತ್ರ ಸ್ವಲ್ಪ ಬಿಗಿಯಾಯಿತು.

ಹೊಸ ನೋಟ್‌ಬುಕ್, ಪೆನ್ಸಿಲ್. ಪಟ್ಟಿ ಓದಿ ಮಟ್ಟ ಹೇಳಿದೆ, ನೀರಿನ ಬಣ್ಣ ಹೇಳಿದೆ, ಒಣ ಮೆಟ್ಟಿಲು ಎಣಿಸಿ ಹೇಳಿದೆ.

“ನೋಡೀದಿ?”

ಇನ್ನೊಮ್ಮೆ ನೋಡಿದೆ. ಹೂಂ ಎಂದೆ. ಷರಾ ಏನು ಬರೆಯಲಿ ಎಂದು ಕೇಳಿದೆ. ಹೊಳೆಯ ಕಡೆ ಮುಖ ಮಾಡಿ, ನೀರಿನ ಸಪ್ಪಳ ಕೇಳುತ್ತ ನಿಂತ. ಆಮೇಲೆ ನಿಧಾನ ಹೇಳತೊಡಗಿದ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: ನೀರು ತಿಳಿ. ಎಂಟು ಮೆಟ್ಟಿಲು ಒಣ. ಶೋಭಾ ಇವತ್ತು…