ಬಂಡೆಯಿಂದ ಎತ್ತಿ ತಂದ ಮರಿ

ಹೆಸ್ಟ್ವಿಕಾ, ಜುಲೈ ೪

ಪ್ರೀತಿಯ ತಂಗಿ ಸೋಲ್ವೇಗ್,

ನಿನ್ನ ಮಂಡಿನೋವು ಹೇಗಿದೆ? ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೇಸರಪಡಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಕುರಿಗಳನ್ನು ಆಚೆ ದ್ವೀಪದಲ್ಲಿ ಮೇಯಲು ಬಿಟ್ಟು ಬಂದೆವು. ಮೀನು ಚೆನ್ನಾಗಿ ಒಣಗಿದೆ.

ಕೊಲ್ಲಿಯ ಬಾಯಲ್ಲಿರುವ ಬಂಡೆಗಳ ಮೇಲೆ ಈ ಜೂನ್‌ನಲ್ಲೂ ಸೀಲ್ ಪ್ರಾಣಿಗಳು ಮರಿ ಹಾಕಿದವು. ಆದರೆ ಈ ವರ್ಷ ದಕ್ಷಿಣದ ಕಡೆಯಿಂದ ಯೋರ್ಗನ್ ಎಂಬವನೊಬ್ಬ ಪ್ರವಾಸಿಗರ ದೋಣಿ ತಂದಿದ್ದಾನೆ. ಬಂಡೆಯ ಹತ್ತಿರಕ್ಕೇ ಹೋಗಿ ಹಾರ್ನ್ ಹೊಡೆಯುತ್ತಾನೆ, ಸೀಲ್‌ಗಳು ತಲೆಯೆತ್ತಿದರೆ ಫೋಟೊ ಚೆನ್ನಾಗಿ ಬರುತ್ತದಂತೆ! ಹಾಲು ಕುಡಿಸುತ್ತಿದ್ದ ತಾಯಂದಿರು ದಡಬಡಿಸಿ ನೀರಿಗೆ ಬೀಳುತ್ತವೆ.

ಹಾಗೆ ಒಂಟಿಯಾದ ಮರಿಯೊಂದನ್ನು ಪ್ರವಾಸಿ ಹೆಂಗಸೊಬ್ಬಳು ಶಾಲಿನಲ್ಲಿ ಸುತ್ತಿ ದಕ್ಕೆಗೆ ತಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅಳುತ್ತಿದ್ದಳು. ಯೋರ್ಗನ್ ಮಾತ್ರ, "ತಾಯಿ ಬಿಟ್ಟುಹೋಗಿತ್ತು ಅಜ್ಜಿ, ನಾವು ಉಳಿಸಿದ್ವಿ" ಅಂದ.

"ಬಿಟ್ಟುಹೋಗಿಲ್ಲ, ನೀನು ಓಡಿಸಿದ್ದು" ಅಂದೆ.

ನಕ್ಕುಬಿಟ್ಟ. ಸೀಲ್‌ಗೇನು ಬರವೇ, ನಿಮ್ಮ ಗಂಡಸರೇ ಹಿಂದೆ ಗುಂಡು ಹೊಡೆಯುತ್ತಿದ್ದರಂತಲ್ಲ ಎಂದ. ಹೊಡೆಯುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಮರಿ ಹಾಲು ಕುಡಿಯುವ ತಿಂಗಳಲ್ಲಿ ಅಪ್ಪ ಕೋವಿ ಮುಟ್ಟಿದ್ದನ್ನು ನೀನು ಕಂಡಿದ್ದೀಯಾ?

ನಾನೂ ನಿನ್ನ ಭಾವ ಏಲಿಫರೂ ಮರಿಯನ್ನು ನಮ್ಮ ಹುಟ್ಟುದೋಣಿಯಲ್ಲಿ ವಾಪಸು ಒಯ್ದೆವು. ದಾರಿಯುದ್ದಕ್ಕೂ ಅದು ನನ್ನ ತೋಳಿನ ಬಟ್ಟೆ ಚೀಪುತ್ತಿತ್ತು. ಬಂಡೆಯ ಮೇಲೆ ಬಿಟ್ಟು, ದೂರ ಸರಿದು ಕಾದೆವು. ತಾಯಿ ಬಂತು ಕಣೇ. ಮೂಸಿ ನೋಡಿತು. ಮನುಷ್ಯರ ವಾಸನೆ ಹತ್ತಿತ್ತೋ ಏನೋ, ತಿರುಗಿ ಹೊರಟೇಹೋಯಿತು. ಮರಿ ಕೂಸಿನ ಹಾಗೆ ಕೂಗಿತು. ಏಲಿಫ್ ಹುಟ್ಟು ಹಾಕುವುದನ್ನು ನಿಲ್ಲಿಸಿ ಟೋಪಿಯಿಂದ ಕಣ್ಣೊರೆಸಿಕೊಂಡರು. ವಾರದೊಳಗೆ ಅದರ ಹೆಣ ನಮ್ಮ ದೋಣಿಮನೆಯ ಕೆಳಗೇ ಬಂದು ಬಿದ್ದಿತ್ತು. ಕಡಲಹಕ್ಕಿಗಳು ಕಣ್ಣು ಕಿತ್ತಿದ್ದವು.

ಊರಿನ ಸಭೆ ಕರೆಸಿದೆ. ದೋಣಿ ನಿಲ್ಲಿಸಿ ಎನ್ನಲಿಲ್ಲ. ಮರಿಗಳು ದೊಡ್ಡವಾಗುವ ತನಕ ಬಂಡೆಯ ಹತ್ತಿರ ಹೋಗಬೇಡಿ ಎಂದೆ, ಅಷ್ಟೇ. ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ "ನೀನು ಹೇಳೋದೇ ಸರಿ" ಎಂದಿದ್ದವರೆಲ್ಲ ಬೂಟು ನೋಡಿಕೊಂಡು ಕೂತರು. ಅವರವರ ಮನೆಯಲ್ಲೂ ಪ್ರವಾಸಿಗರು ಇಳಿದುಕೊಂಡಿದ್ದಾರಲ್ಲ. ಒಪ್ಪುವವರು ಕೈ ಎತ್ತಿ ಎಂದಾಗ ಎದ್ದದ್ದು ಎರಡೇ ಕೈ, ನನ್ನದು ಮತ್ತು ಶಾಲೆಯಲ್ಲಿ ಪಾಠ ಹೇಳುವ ಮಾಗ್ನ್‌ಹಿಲ್ಡಳದು. ಹಿಂದಿನಿಂದ ಯಾರೋ ಸೀಲ್ ಹಾಗೆ ಬೊಗಳಿದ. ಇಡೀ ಸಭೆ ನಕ್ಕಿತು.

ನಿನ್ನೆ ಮತ್ತೆ ಹಾರ್ನ್ ಕೇಳಿತು. ನಾಳೆಯಿಂದ ನನ್ನ ದೋಣಿಯನ್ನು ಆ ಬಂಡೆಗೆ ಅಡ್ಡ ನಿಲ್ಲಿಸುತ್ತೇನೆ. ಗುದ್ದುವ ಧೈರ್ಯವಿದ್ದರೆ ಗುದ್ದಲಿ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಮಂಡಿಗೆ ಉಣ್ಣೆಬಟ್ಟೆ ಸುತ್ತಿಕೋ.

ನಿನ್ನ ಅಕ್ಕ,
ಆಸ್ಲಾಗ್

ತಾ.ಕ. ಸಭೆಯಲ್ಲಿ ನಿನ್ನ ಭಾವ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಮನೆಗೆ ಬರುವಾಗ ಯಾಕೆಂದು ಕೇಳಿದೆ. "ನಾಳೆ ಇವ್ರ ಜೊತೇಲೇ ಬದುಕ್ಬೇಕಲ್ಲ, ಆಸ್ಲಾಗ್" ಅಂದರು. ನನ್ನ ಜೊತೆಗೂ ಬದುಕಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ.