ದೊಡ್ಡ ಹೊಂಡದ ತೂಬಿನ ಮೇಲಿಂದ

ಉಬ್ಬರವೇರಿದ ಮೇಲಿನ ನೂರಾ ಹನ್ನೊಂದನೆಯ ವರ್ಷ, ಫೆಬ್ರವರಿ ಮೂವತ್ತು
ಅಘನಾಶಿನಿ ಅಳಿವೆ

ಹಿಂದಿನ ಕಾಲದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಯನ್ನು ಉದ್ದ ಮಾಡಿದವರು ನಾವೇ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಹೊನ್ನಿ ಹರಿಕಂತ್ರ, ಈ ದಂಡೆಯ ಮುದ್ರೆಗಾತಿ. ಅಂದರೆ ಸಾಕಿದ ಮೀನು, ಸಿಗಡಿ, ಬಳಚು ಎಂಬ ಚಿಪ್ಪುಮೀನುಗಳಲ್ಲಿ ರೋಗಕ್ಕೆ ಹಾಕಿದ ಔಷಧಿ ಉಳಿದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಬುಟ್ಟಿಗೆ ಮುದ್ರೆ ಒತ್ತುವವಳು.

ನಮ್ಮಲ್ಲಿ ‘ಮೊದಲ ತುತ್ತು’ ಎಂಬ ಪದ್ಧತಿಯಿದೆ. ಹೊಂಡ ಬರಿದು ಮಾಡುವ ಮುನ್ನ ಸಾಕಿದವರ ಮನೆಮಂದಿ ಅದರ ಸಿಗಡಿಯನ್ನು ಎಲ್ಲರೆದುರು ಬೇಯಿಸಿ ತಿನ್ನಬೇಕು. ಆ ಪಾತ್ರೆಯಿಂದಲೇ ಒಂದು ಚೂರು ತೆಗೆದು ನಾನು ನಾಲಿಗೆಪಟ್ಟಿಗೆ ಹಚ್ಚುತ್ತೇನೆ. ಔಷಧಿ ಇದ್ದರೆ ಆ ಕಾಗದ ನೀಲಿಯಾಗುತ್ತದೆ. ಹೆತ್ತ ಮಕ್ಕಳಿಗೆ ಯಾರೂ ಕೆಟ್ಟದ್ದನ್ನು ಬಡಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಇದು. ಇಂದು ಬೆಳಿಗ್ಗೆ ನನ್ನ ತಮ್ಮ ಸೋಮಯ್ಯನ ಸರದಿ. ಅವನ ದೊಡ್ಡ ಹೊಂಡದ ಸಿಗಡಿ, ನಮ್ಮವರ ಬಾಯಲ್ಲಿ ಶೆಟ್ಲಿ, ಶಾಲೆಯ ಅಡುಗೆಮನೆಗೆ ಹೋಗಬೇಕಿತ್ತು. ಮನೆಯವರೆಲ್ಲ ಚಪ್ಪರಿಸಿ ತಿಂದರು, ಪಟ್ಟಿ ಬೆಳ್ಳಗೇ ಉಳಿಯಿತು. ನಾನು ಮುದ್ರೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ನಮ್ಮ ಅವ್ವ, ಪಾಪ, ಮಗನನ್ನು ಹೊಗಳಲೆಂದೇ ಬಾಯಿ ಬಿಟ್ಟಳು: “ಏನೇ ಹೇಳು, ಮನೆ ಹಿಂದಿನ ಸಣ್ಣ ಹೊಂಡದ ಶೆಟ್ಲಿ ರುಚಿ ಬೇರೆದಕ್ಕೆ ಬರೂದಿಲ್ಲ.”

ಸೋಮಯ್ಯನ ಮುಖ ಸಪ್ಪಗಾಯಿತು. ನಾನು ನೇರವಾಗಿ ದೊಡ್ಡ ಹೊಂಡಕ್ಕೆ ಹೋಗಿ ಬಲೆ ಬೀಸಿದೆ. ಈ ಸಲ ಪಟ್ಟಿ ನೀಲಿಯಾಯಿತು. ಸಿಗಡಿಗೆ ರೋಗ ಬಂದಿತ್ತಂತೆ, ಮೊನ್ನೆ ಔಷಧಿ ಹಾಕಿದನಂತೆ. ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಅದು ಮೈಯಿಂದ ಇಳಿಯುವವರೆಗೆ ಕಾಯಬೇಕಿತ್ತು. ಕಾಯುವ ಬದಲು ತನ್ನ ಮಕ್ಕಳಿಗೊಂದು ಹೊಂಡ, ಊರ ಮಕ್ಕಳಿಗೊಂದು ಹೊಂಡ ಮಾಡಿದ್ದ.

ಈಗ ಆ ದೊಡ್ಡ ಹೊಂಡದ ತೂಬಿನ ಹಲಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾನು ಏಳದೆ ನೀರು ಹೊರಹೋಗದು, ನೀರು ಹೋಗದೆ ಸಿಗಡಿ ಬುಟ್ಟಿ ಸೇರದು. ಮೊದಲ ತುತ್ತಿನ ಪಟ್ಟಿ ಬೆಳ್ಳಗಿತ್ತಲ್ಲ, ಅಷ್ಟು ಸಾಕು ಎಂದು ಊರಸಭೆಯವರು ಬಂದು ಬುದ್ಧಿ ಹೇಳಿ ಹೋದರು. ಏಳದಿದ್ದರೆ ನನ್ನನ್ನು ಕೆಲಸದಿಂದ ತೆಗೆದು ಬೇರೆಯವರಿಂದ ಮುದ್ರೆ ಒತ್ತಿಸುತ್ತಾರಂತೆ. ತೆಗೆಯಲಿ. “ಏಳೇ ಅಕ್ಕಾ, ಒಂದು ಊಟಕ್ಕೆ ಯಾರೂ ಸಾಯೂದಿಲ್ಲ” ಎಂದು ಸೋಮಯ್ಯ ಕೈಮುಗಿದ. ಹಾಗಾದರೆ ಇದನ್ನೇ ನಿನ್ನ ಮಕ್ಕಳಿಗೆ ಬಡಿಸು, ಈಗಲೇ ಏಳುತ್ತೇನೆ ಎಂದೆ. ಅವನು ಮುಗಿದ ಕೈ ಇಳಿಸಿ ಮನೆಯತ್ತ ನಡೆದ. ಎತ್ತಿ ಆಡಿಸಿದ ತಮ್ಮ. ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಹಿರಿಯರೇ, ನಿಮ್ಮಲ್ಲೂ ಹೊಂಡಗಳಿವೆ. ಮಾರುವವನ ಮನೆಯಲ್ಲಿ ಇವತ್ತು ಏನು ಬೇಯುತ್ತಿದೆ ಎಂದು ನಾಚದೆ ಕೇಳಿ. ಬೈದರೆ ಬೈಸಿಕೊಳ್ಳಿ, ಕೇಳುವುದನ್ನು ಮಾತ್ರ ಬಿಡಬೇಡಿ.

ಇದೀಗ ಅವ್ವ ಗಂಜಿ ತಂದಳು. ಮಗನ ಪರ ವಾದಿಸಲು ಬಂದಳೆಂದೇ ಎಣಿಸಿದೆ. ಅವಳು ಸೆರಗು ಬಿಗಿದು, “ಸ್ವಲ್ಪ ಆಚೆ ಸರಿ” ಎಂದು ಹಲಗೆಯ ಮೇಲೆ ಕೂತೇಬಿಟ್ಟಳು. ಇನ್ನು ನಾವಿಬ್ಬರು. ಎಬ್ಬಿಸುವವರು ಬರಲಿ.