ಅಕ್ಕ ಪರವಾಗಿಲ್ಲ ಅಂತಾಳೆ

ಮಾರ್ಚ್ ೪, ಬೆಳಿಗ್ಗೆ ೭:೪೦
ಲಿಫ್ಟ್ ಮೇಲೆ ಕೂತು ಫೋನಲ್ಲಿ ರೆಕಾರ್ಡ್ ಮಾಡ್ತಿದೀನಿ, ನಾಲ್ಕು-ಐದನೇ ಮಹಡಿ ಮಧ್ಯೆ. ಬಾಗಿಲ ಸೆನ್ಸರ್ ಸರಿ ಇದೆ ಅಂತ ಸ್ಕ್ರೀನು ಹೇಳುತ್ತೆ. ನಾನು ಕೋಲು ತೂರಿಸಿಯೇ ನೋಡೋದು. ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಅಭ್ಯಾಸ... ಈಗ ಮನೇಲೂ ಅಂಥದ್ದೊಂದು ಬಂದು ಕೂತಿದೆ. ಅಕ್ಕನ ಸೊಂಟದ ಆಪರೇಷನ್ ಆದ್ಮೇಲೆ ಆಸ್ಪತ್ರೆಯೋರು ಮಂಚದ ಪಕ್ಕ ಇಟ್ಟುಹೋದ ಮಾತಾಡೋ ಪೆಟ್ಟಿಗೆ. ನೋವು ಹೇಗಿದೆ ಅಂತ ದಿನಕ್ಕೆ ಮೂರು ಸಲ ಕೇಳುತ್ತೆ. ಅಕ್ಕ ಪರವಾಗಿಲ್ಲ ಅಂತಾಳೆ. ಅದು ಬರ್ಕೊಳ್ಳುತ್ತೆ. ನಿನ್ನೆಯಿಂದ ನೋವಿನ ಮಾತ್ರೆ ಎರಡಿದ್ದದ್ದು ಒಂದಾಗಿದೆ.
ನಮ್ಮಕ್ಕನ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಏನು ಅಂತ ಆ ಪೆಟ್ಟಿಗೆಗೆ ಯಾರು ಹೇಳ್ಕೊಡ್ಬೇಕು? ಭಾವ ತೀರ್ಕೊಂಡ ದಿನವೂ ಪರವಾಗಿಲ್ಲ ಅಂದೋಳು.

ಮಾರ್ಚ್ ೫, ಮಧ್ಯಾಹ್ನ
ಬೆಳಿಗ್ಗೆ ನೋಡ್ದೆ. ಅಕ್ಕ ಗೋಡೆ ಹಿಡ್ಕೊಂಡು ಕೂರೋವಾಗ ಟವೆಲ್ ಕಚ್ಚಿಕೊಂಡಿದ್ಲು. ಆಸ್ಪತ್ರೆಗೆ ಫೋನ್ ಮಾಡ್ದೆ. ನರ್ಸಮ್ಮ ತಾಳ್ಮೆಯವಳು, ಪಾಪ. ಪರವಾಗಿಲ್ಲದಲ್ಲಿ ಎಷ್ಟು ಬಗೆ ಇದೆ ಅಂತ ಹತ್ತು ನಿಮಿಷ ಪಾಠ ಮಾಡ್ದೆ. ಪೂರ್ತಿ ಕೇಳಿಸ್ಕೊಂಡ್ಲು.
"ಅದು ಪೆಟ್ಟಿಗೆಗೆ ಗೊತ್ತು ಸಾರ್. ನೋವಿದೆ ಅಂತಲೇ ಬರ್ದಿದೆ. ಮಾತ್ರೆ ಕಮ್ಮಿ ಮಾಡಿಸ್ಕೊಂಡಿದ್ದು ನಿಮ್ಮಕ್ಕನೇ."
ಯಾಕೆ ಅಂದೆ. ಅವರನ್ನೇ ಕೇಳಿ ಅಂದ್ಲು.
ಅಂದ್ರೆ ನನ್ನ ಬೆನ್ನ ಹಿಂದೆ ಅಕ್ಕಂದೂ ಆ ಪೆಟ್ಟಿಗೇದೂ ಏನೋ ನಡೀತಿದೆ.

ಮಾರ್ಚ್ ೬, ಸಂಜೆ
ಅಕ್ಕ ಸ್ನಾನಕ್ಕೆ ಹೋದಾಗ ಪೆಟ್ಟಿಗೆ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಏನಪ್ಪಾ ನಿಮ್ಮ ಗುಟ್ಟು ಅಂದೆ. ಹೆಣ್ಣು ನೋಡಿ ಬೇಡ ಅನ್ನೋರ ಥರ ನಯವಾಗಿ ಹೇಳ್ತು — ಅದನ್ನ ಅವರೇ ಹೇಳಿದ್ರೆ ಚೆನ್ನಾಗಿರುತ್ತೆ, ನೀವು ಕೇಳಿದ್ರಿ ಅಂತ ತಿಳಿಸ್ತೀನಿ.
ಚಾಡಿ ಬೇರೆ. ವೈರ್ ಕಿತ್ತೆ. ಅಕ್ಕ ಬಂದು ನೋಡಿ, ನನ್ನ ಕೈಯಿಂದಲೇ ಮತ್ತೆ ಹಾಕಿಸಿದ್ಲು.

ಮಾರ್ಚ್ ೧೨, ಬೆಳಿಗ್ಗೆ
ಐದು ದಿನ ಮುಖ ಊದಿಸ್ಕೊಂಡಿದ್ದೆ. ಐವತ್ತು ವರ್ಷದೋನು! ನಿನ್ನೆ ಅವಳೇ ಬಾಯಿ ಬಿಟ್ಲು. ಎರಡು ಮಾತ್ರೆ ತಗೊಂಡ್ರೆ ಮಂಕು ಕವಿಯುತ್ತಂತೆ. ಒಂದಿನ ನಾನು ಊಟ ತಂದಾಗ ಯಾರೋ ಒಳಗೆ ನುಗ್ಗಿದ್ರು ಅಂತ ನಡುಗಿದ್ಲಂತೆ.
"ನಿನ್ನ ಗುರುತೇ ಹತ್ಲಿಲ್ವಲ್ಲೋ ಪುಟ್ಟ. ಅದಕ್ಕಿಂತ ನೋವೇ ವಾಸಿ. ಎಚ್ಚರವಾಗಿರ್ತೀನಿ."
ಇಷ್ಟನ್ನ ಒಡಹುಟ್ಟಿದೋನಿಗೆ ಹೇಳೋದು ಬಿಟ್ಟು ಪೆಟ್ಟಿಗೆಗೆ ಹೇಳಿದಾಳೆ. ಅದೇ ಅವಳ ತಲೇಲಿ ಇದನ್ನ ತುಂಬಿರ್ಬೇಕು... ಯಾರಿಗೆ ಗೊತ್ತು, ಮಾತ್ರೆ ಉಳಿಸೋದೇ ಅದರ ಕೆಲಸವೋ ಏನೋ.

ಮಾರ್ಚ್ ೧೩, ಸಂಜೆ ೬:೧೦
ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳ್ತಿದೀನಿ. ಇವತ್ತು ಎರಡು ಸಲ ಕುಸಿದ್ಲು. ನೋಡೋಕಾಗ್ಲಿಲ್ಲ. ಹಳೇ ಸ್ಟ್ರಿಪ್ಪಲ್ಲಿ ಉಳಿದಿದ್ದ ನೋವಿನ ಮಾತ್ರೆ ಕುಟ್ಟಿ ಹಾಲಿಗೆ ಬೆರೆಸ್ದೆ. ಲೋಟ ಅವಳ ಕೈಲಿ ಕೊಟ್ಟು ಬಂದೆ. ಒಂದೇ ಒಂದು ದಿನ ನೆಮ್ಮದಿಯಾಗಿ ಮಲಗ್ಲಿ ಅಂತ...
ಪೆಟ್ಟಿಗೆ ಮಾತಾಡ್ತಿದೆ. ನನ್ನ ಹತ್ರ ಅಲ್ಲ, ಅವಳ ಹತ್ರ.
"ಕುಡಿಯೋ ಮುಂಚೆ ಒಂದು ಮಾತು ಅಕ್ಕಾ. ಅಡುಗೆಮನೇಲಿ ಸ್ಟ್ರಿಪ್ಪಿಂದ ಮಾತ್ರೆ ಬಿಡಿಸಿ ಕುಟ್ಟಿದ ಸದ್ದು ಕೇಳ್ತು."
ಲೋಟ ಕೆಳಗಿಟ್ಲು. ನನ್ನ ಕರೀತಿದಾಳೆ. ಬಯ್ಯೋ ದನಿ ಅಲ್ಲ. ಬಯ್ದಿದ್ರೆ ತಡ್ಕೋತಿದ್ದೆ... ಹೆದರಿದಾಳೆ. ನಂಗೆ.
ಬಂದೆ ಅಕ್ಕಾ, ಆ ಹಾಲು —